ಶರಣವ್ವ ತಿರುಗಿಸಿದ ತಾಟು

ಶರಣವ್ವ ಮನುಷ್ಯರ ಮುಖ ನೋಡುತ್ತಿರಲಿಲ್ಲ, ತಾಟು ನೋಡುತ್ತಿದ್ದಳು. ಶಹಾಬಾದ ಸ್ಟೇಷನ್ ರಸ್ತೆಯ ಆಕೆಯ ಖಾನಾವಳಿಯಲ್ಲಿ ಆರು ವರ್ಷ ಎರಡು ಹೊತ್ತು ಉಂಡ ನನ್ನನ್ನು ಒಮ್ಮೆ ಗುಲ್ಬರ್ಗಾ ಬಜಾರಿನಲ್ಲಿ ಕಂಡಾಗ ಆಕೆಗೆ ಗುರುತೇ ಸಿಗಲಿಲ್ಲ. "ನಾನ್ರಿ ಅವ್ವಾರ, ಟೈಮ್ ಆಫೀಸಿನ ರೇವಣಪ್ಪ" ಎಂದರೂ ಕಣ್ಣು ಕಿರಿದು ಮಾಡಿಕೊಂಡು ನಿಂತೇ ಇದ್ದಳು. ಕಡೆಗೆ ನಾನು, "ಬ್ಯಾಳ್ಯಾಗಿನ ಕರಿಬೇವು ಎತ್ತಿ ತಾಟಿನ ಅಂಚಿಗೆ ಸಾಲಾಗಿ ಇಡ್ತೀನಲ್ರಿ, ಅಂವಾ" ಎಂದೆ. "ಅಯ್ಯ, ನೀಯೇನು ತಮ್ಮಾ!" ಎಂದು ನಡುಬಜಾರಿನಲ್ಲಿ ನನ್ನ ಗಲ್ಲ ಹಿಡಿದು ಅಲ್ಲಾಡಿಸಿದಳು. ನನಗೆ ನಾಚಿಕೆಯಾಯಿತು. ನನ್ನ ಮುಖಕ್ಕಿಂತ ಕರಿಬೇವಿಗೆ ಹೆಚ್ಚು ಬೆಲೆ ಇತ್ತೆಂದು ಗೊತ್ತಾದದ್ದು ಅಂದೇ.

ರಾಜ್ಯಕ್ಕಿನ್ನೂ ಮೈಸೂರೆಂದೇ ಹೆಸರಿದ್ದ ದಿನಗಳವು. ನಾನು ಸೇಡಂ ಬಿಟ್ಟು ಬಂದು ಶಹಾಬಾದಿನ ಒಂದು ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದೆ. ಮದುವೆಯಾಗಿರಲಿಲ್ಲ. ಸಂಜೆ ಹೊತ್ತು ಕಳೆಯಲೆಂದು ಕಾರ್ಖಾನೆಯ ಕ್ರೀಡಾ ಸಂಘಕ್ಕೆ ಕಾರ್ಯದರ್ಶಿಯೂ ಆದೆ. ನಮ್ಮ ಸೀಮೆಯಲ್ಲಿ ಕುಸ್ತಿ ಹಿಂದಿನಿಂದಲೂ ಇತ್ತು, ಬಾಕ್ಸಿಂಗ್ ತಂದವರು ರೈಲಿನವರು. ವಾಡಿ ಜಂಕ್ಷನ್ನಿನ ಇಂಜಿನ್ ಶೆಡ್ಡಿನವರಿಗೂ ನಮ್ಮವರಿಗೂ ವರ್ಷಕ್ಕೊಮ್ಮೆ ಪಂದ್ಯ ನಡೆಯುತ್ತಿತ್ತು. ಜನ ಅದನ್ನು ಗುದ್ದಾಟ ಎನ್ನುತ್ತಿದ್ದರು. ಅದರಲ್ಲೂ ಹೆವಿವೇಟ್ ಗುದ್ದಾಟವೆಂದರೆ ಚಿತ್ತಾಪುರ, ಕುರಕುಂಟಾದಿಂದಲೂ ಬಸ್ಸು ಹತ್ತಿ ಬರುತ್ತಿದ್ದರು.

ಆ ಪಂದ್ಯಗಳಲ್ಲಿ ನನ್ನದೂ ಒಂದು ದೊಡ್ಡಸ್ತಿಕೆ ಇತ್ತು. ಮೈದಾನದ ಬಾಗಿಲಲ್ಲಿ ಒಂದು ಕರಿಹಲಗೆ ನಿಲ್ಲಿಸಿ, ನಡುವೆ ಗೆರೆ ಎಳೆದು, ಎಡಕ್ಕೆ ನಮ್ಮವನ ವಿವರ, ಬಲಕ್ಕೆ ಎದುರಾಳಿಯ ವಿವರ ಬರೆಯುತ್ತಿದ್ದೆ. ವಯಸ್ಸು, ತೂಕ, ಎತ್ತರ, ತೋಳಿನ ಉದ್ದ, ಆಡಿದ ಪಂದ್ಯ, ಗೆದ್ದ ಪಂದ್ಯ, ಕೈಚಳಕ, ಅನುಭವ. ಕೆಳಗೆ ಯಾರು ಗೆಲ್ಲಬಹುದೆಂಬ ನನ್ನ ಅಭಿಪ್ರಾಯ. ಜನ ಅದರ ಮುಂದೆ ಗುಂಪುಗೂಡಿ ವಾದ ಮಾಡುವಾಗ ನಾನು ದೂರದಲ್ಲಿ ಕೈ ಕಟ್ಟಿ ನಿಂತು, ಜಗತ್ತಿನಲ್ಲಿ ನನಗೆ ತಿಳಿಯದ ಗುದ್ದು ಯಾವುದೂ ಇಲ್ಲವೆಂಬಂತೆ ಮುಖ ಮಾಡಿಕೊಂಡಿರುತ್ತಿದ್ದೆ. ನಾನೋ ಒಬ್ಬರಿಗೂ ಗುದ್ದಿದವನಲ್ಲ.

ಶರಣವ್ವನಿಗೆ ಓದು ಬರುತ್ತಿರಲಿಲ್ಲ. ಮೈದಾನಕ್ಕೆ ಆಕೆ ಕಾಲಿಟ್ಟದ್ದೂ ಇಲ್ಲ. ಐವತ್ತರ ಆಸುಪಾಸಿನ ಗಿಡ್ಡ ಹೆಂಗಸು, ಮುಂಗೈವರೆಗೆ ಸದಾ ಜೋಳದ ಹಿಟ್ಟು. ಗಂಡ ಕಲ್ಲಿನ ಗಣಿಯಲ್ಲಿ ತೀರಿಕೊಂಡ ಮೇಲೆ ಫರಸಿಕಲ್ಲು ಹಾಸಿದ ಒಂದು ಉದ್ದನೆಯ ಕೋಣೆಯಲ್ಲಿ ಖಾನಾವಳಿ ಇಟ್ಟಿದ್ದಳು. ಊಟಕ್ಕೆ ಜಾತಿ ನೋಡದ ಒಂದೇ ಸಾಲು, ಎದುರುಬದುರು ಕೂಡುವುದು. ರಾವೂರಿನ ಕೆಳಗಿನ ಕೇರಿಯಿಂದ ಬಂದ ನಮ್ಮ ಹೆವಿವೇಟ್ ಭೀಮಶ್ಯಾ ಆ ಸಾಲಿನಲ್ಲಿ ಕುಳಿತದ್ದಕ್ಕೆ ಮೊದಲ ದಿನ ಇಬ್ಬರು ಗೊಣಗಿದರು. ಶರಣವ್ವ ಅವರಿಬ್ಬರ ಮುಂದೆ ತಾಟೇ ಇಡಲಿಲ್ಲ. ಅವರು ಸ್ವಲ್ಪ ಹೊತ್ತು ಕಾದು ಎದ್ದು ಹೋದರು. ಮರುವಾರ ಹಸಿದುಕೊಂಡು ಬಂದು ಭೀಮಶ್ಯಾನ ಪಕ್ಕದಲ್ಲೇ ಕುಳಿತರು.

ಆಕೆಗೆ ಬಾಕ್ಸಿಂಗ್ ಗೊತ್ತಿಲ್ಲವೆಂದು ನಾನು ತಿಳಿದಿದ್ದೆ. ನನ್ನ ಆ ತಿಳಿವಳಿಕೆಗೆ ಮೊದಲ ಪೆಟ್ಟು ಬಿದ್ದದ್ದು ಸಿಕಂದರಾಬಾದಿನಿಂದ ಒಬ್ಬ ದೈತ್ಯ ಬಂದಾಗ. ಭೀಮಶ್ಯಾನಿಗಿಂತ ಒಂದು ಗೇಣು ಎತ್ತರ, ತೋಳೂ ಉದ್ದ. ನನ್ನ ಹಲಗೆಯ ಪ್ರಕಾರ ಭೀಮಶ್ಯಾ ಸೋಲಲೇಬೇಕಿತ್ತು. ಆ ಮಧ್ಯಾಹ್ನ ಅವನೂ ಖಾನಾವಳಿಯಲ್ಲಿ ಉಣ್ಣುತ್ತಿದ್ದ. ನನಗೆ ಮಜ್ಜಿಗೆ ಹಾಕುತ್ತ ಶರಣವ್ವ ಮೆಲ್ಲಗೆ ಅಂದಳು: "ಅವನ ಎಡಗಡಿ ದವಡಿ ಸತ್ತದ ತಮ್ಮಾ. ಖಡಕ್ ರೊಟ್ಟಿ ಬಲಕ್ಕೇ ನೂಕಿ ನೂಕಿ ಅಗೀಲಿಕತ್ತಾನ. ಭೀಮಶ್ಯಾಗ ಹೇಳು, ಅಲ್ಲಿ ಒಂದು ಬಿದ್ರ ಮುಗೀತು."

ನಾನು ನಗುತ್ತಲೇ ಹೇಳಿದೆ. ಎರಡನೆಯ ಸುತ್ತಿನಲ್ಲಿ ಭೀಮಶ್ಯಾನ ಕೈ ಆ ದವಡೆಗೆ ಬಿತ್ತು, ದೈತ್ಯ ಕುಸಿದ. ಕುಸಿಯುವ ಮುನ್ನ ಅವನೂ ಒಂದು ಬೀಸಿದ್ದ, ಅದು ಭೀಮಶ್ಯಾನ ತಲೆಯ ಬಲಬದಿಗೆ ಬಡಿದಿತ್ತು. ಭೀಮಶ್ಯಾ ತಲೆ ಕೊಡವಿಕೊಂಡು ನಕ್ಕ. ನಾವೂ ನಕ್ಕೆವು. ನನಗಂತೂ ಶರಣವ್ವನ ಮಾತು ಹಾಗೆ ನಿಜವಾದದ್ದು ಕಂಡು ಮೈ ಜುಮ್ಮೆಂದಿತು.

ಓಡಿಬಂದು ಸುದ್ದಿ ಹೇಳಿದರೆ ಆಕೆಯ ಮುಖ ಕಪ್ಪಿಟ್ಟಿತು. ಮುರಿದ ದವಡೆಯ ಆ ಮನುಷ್ಯನಿಗೆ ಮೂರು ದಿನ ತಾನೇ ಜೋಳದ ಗಂಜಿ ಕಾಯಿಸಿ ಕುಡಿಸಿದಳು. ಅವನು ರೈಲು ಹತ್ತಿದ ಮೇಲೆ ನನ್ನನ್ನು ಒಲೆಯ ಹತ್ತಿರ ಕರೆದು, "ನಂದು ಹೊಲಸು ಬಾಯಿ ಆತು ತಮ್ಮಾ. ನನ್ನ ರೊಟ್ಟಿ ತಿಂದವನ ಗುಟ್ಟು ಅವನನ್ನ ಹೊಡಿಯಾಂವಗ ಹೇಳಿದೆ. ಇನ್ನ ಮ್ಯಾಲ ಯಾರ ತಾಟಿನ ಸುದ್ದೀನೂ ಇನ್ನೊಬ್ರಿಗೆ ಹೇಳಂಗಿಲ್ಲ" ಎಂದಳು. ಒಲೆ ಮುಟ್ಟಿ ಆಣೆ ಮಾಡಿದಳು. ಅದೇ ದಿನ ಒಂದು ಕಟ್ಟಳೆಯನ್ನೂ ಮಾಡಿದಳು. ಪಂದ್ಯದ ದಿನ ಇಬ್ಬರೂ ಎದುರಾಳಿಗಳು ತನ್ನಲ್ಲಿ ಅಕ್ಕಪಕ್ಕ ಕೂತು, ಒಂದೇ ಪಾತ್ರೆಯದನ್ನು ಉಂಡು ಹೋಗಬೇಕು. ಒಪ್ಪದವರಿಗೆ ಮರುದಿನದಿಂದ ಊಟವಿಲ್ಲ.

ಎರಡು ತಿಂಗಳ ನಂತರ ವಾಡಿಯವರ ಜೊತೆ ಪಂದ್ಯ ಗೊತ್ತಾಯಿತು. ಅವರ ಕಡೆ ಮಹೆಬೂಬ, ಇಂಜಿನ್ನಿಗೆ ಕಲ್ಲಿದ್ದಲು ಎಸೆಯುವ ಫೈರ್‌ಮ್ಯಾನ್, ಇಪ್ಪತ್ತನಾಲ್ಕರ ಹುಡುಗ. ಗೂಡ್ಸ್ ಗಾಡಿಯ ಜೊತೆ ಶಹಾಬಾದಿಗೆ ಬಂದಾಗಲೆಲ್ಲ ಶರಣವ್ವನಲ್ಲೇ ಉಣ್ಣುತ್ತಿದ್ದ. ನಮ್ಮ ಕಡೆ ಭೀಮಶ್ಯಾ, ಮೂವತ್ತನಾಲ್ಕು. ಅವನ ಹೆಂಡತಿ ಇನ್ನೂ ರಾವೂರಿನ ಗಣಿಯಲ್ಲಿ ಕಲ್ಲು ಹೊರುತ್ತಿದ್ದಳು, ಅವನ ಕೆಲಸ ಏಳು ವರ್ಷದಿಂದ ಹಂಗಾಮಿ. ಈ ಪಂದ್ಯ ಗೆದ್ದರೆ ಬೆಂಗಳೂರಿನಲ್ಲಿ ರಾಜ್ಯದ ಪಂದ್ಯ, ಅಲ್ಲಿ ಆಡಿ ಬಂದರೆ ಕೆಲಸ ಖಾಯಂ ಎಂದು ಕಾರ್ಖಾನೆಯ ನಮ್ಮ ಸಾಹೇಬರು ಮಾತು ಕೊಟ್ಟಿದ್ದರು.

ಇಂಥ ಜೋಡಿಯನ್ನು ಹೋಲಿಸಿ ಬರೆಯುವುದೆಂದರೆ ನನಗೆ ಹಬ್ಬ. ಮಹೆಬೂಬನದು ಸಲಿಕೆ ಹಿಡಿದು ಪಳಗಿದ ಸೊಂಟ. ಅವನ ಬಲಗೈ ಮೇಲಿನಿಂದ ಬಂದರೆ ತಡೆಯುವುದು ಕಷ್ಟ, ಆದರೆ ಅವಸರಗಾರ, ಮೂರನೆಯ ಸುತ್ತಿಗೆ ಉಸಿರು ಕಳೆದುಕೊಳ್ಳುತ್ತಾನೆ. ಭೀಮಶ್ಯಾನದು ತಾಳ್ಮೆ. ಎಡಗೈಯನ್ನು ಚುಚ್ಚಿ ಚುಚ್ಚಿ ಎದುರಿನವನನ್ನು ದೂರ ಇಡುತ್ತಾನೆ, ಮೈಮೇಲೆ ಭಾರ ಹಾಕಿ ದಣಿಸುತ್ತಾನೆ, ನಲವತ್ತಕ್ಕೂ ಹೆಚ್ಚು ಪಂದ್ಯ ಕಂಡವನು. ಇಷ್ಟು ಬರೆದು, ಭೀಮಶ್ಯಾನ ಅಂಕಣದಲ್ಲಿ ಇನ್ನೊಂದು ಸಾಲು ಸೇರಿಸಿದೆ: 'ಶಿಸ್ತು: ಎರಡು ತಿಂಗಳಿಂದ ಹಿಂಡಿ, ಉಪ್ಪಿನಕಾಯಿ ಮುಟ್ಟಿಲ್ಲ.'

ಅದು ಸುಳ್ಳಲ್ಲ. ಶೇಂಗಾ, ಖಾರ ಕೂಡಿಸಿ ಕುಟ್ಟಿದ ಹಿಂಡಿ ಎಂದರೆ ಪ್ರಾಣ ಬಿಡುತ್ತಿದ್ದ ಭೀಮಶ್ಯಾ ಈಚೆಗೆ ಅದನ್ನು ಹಾಗೇ ಬಿಟ್ಟು ಏಳುವುದನ್ನು ನಾವೆಲ್ಲ ನೋಡಿದ್ದೆವು. ಖಾರ ಬಿಟ್ಟು ಪಥ್ಯ ಮಾಡುತ್ತಿದ್ದಾನೆಂದು ಸಾಲಿನಲ್ಲಿ ಕೂತವರೆಲ್ಲ ಹೊಗಳಿದರು. ಬಾಗಿಲು ದಾಟುವಾಗ ಅವನ ಎಡಭುಜ ಚೌಕಟ್ಟಿಗೆ ಬಡಿಯುತ್ತಿತ್ತು, ಪೈಲ್ವಾನನ ಠೀವಿ ಎಂದುಕೊಂಡೆವು. ಅಭ್ಯಾಸದಲ್ಲಿ ಎಡದಿಂದ ಬಂದ ಗುದ್ದು ಸುಮ್ಮನೆ ತಿನ್ನುತ್ತಿದ್ದಾನೆಂದು ಜೊತೆಗಾರ ಹೇಳಿದಾಗ, "ದೊಡ್ಡ ಪಂದ್ಯಕ್ಕ ಕಾಯ್ಲಿಕತ್ತಾನ" ಎಂದವನು ನಾನೇ. ಶರಣವ್ವ ಮಾತ್ರ ಆ ಎರಡು ತಿಂಗಳು ಅವನ ತಾಟಿನ ಮುಂದೆ ಬೇರೆಯವರಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದಳು. ಆಣೆ ಮಾಡಿದ್ದಳಲ್ಲ, ಏನೂ ಹೇಳುತ್ತಿರಲಿಲ್ಲ.

ಪಂದ್ಯದ ದಿನ ಮಧ್ಯಾಹ್ನ ಇಬ್ಬರೂ ಬಂದು ಕುಳಿತರು. ಭೀಮಶ್ಯಾನ ಬಲಕ್ಕೆ ಮಹೆಬೂಬ, ಎದುರುಗಡೆ ನಾನು ಮತ್ತು ನಮ್ಮ ಸಾಹೇಬರು. ಶರಣವ್ವ ಬಡಿಸಿದಳು. ಎಲ್ಲರಿಗೂ ಯಾವತ್ತೂ ಒಂದೇ ಕ್ರಮ: ತಾಟಿನ ಎಡಕ್ಕೆ ಹಿಂಡಿ, ಉಪ್ಪಿನಕಾಯಿ, ಹೆಚ್ಚಿದ ಉಳ್ಳಾಗಡ್ಡಿ; ಬಲಕ್ಕೆ ಪುಂಡಿಪಲ್ಯ, ಬೇಳೆ, ರೊಟ್ಟಿ. ಭೀಮಶ್ಯಾ ಬಲಗಡೆಯದನ್ನೆಲ್ಲ ಖಾಲಿ ಮಾಡಿ ಕೈ ತೊಳೆಯಲು ಎದ್ದ.

"ಕುಂದ್ರು" ಎಂದಳು ಶರಣವ್ವ.

ಕುಳಿತ. ಆಕೆ ಅವನ ಮುಂದೆ ಮಂಡಿಯೂರಿ, ಎರಡೂ ಕೈಯಿಂದ ಅವನ ಎಂಜಲು ತಾಟು ಹಿಡಿದು ಅರ್ಧ ಸುತ್ತು ತಿರುಗಿಸಿಟ್ಟಳು. ಉಣ್ಣುತ್ತಿರುವವನ ತಾಟಿಗೆ ಬೇರೆಯವರು ಕೈ ಹಚ್ಚುವುದು ನಮ್ಮ ಕಡೆ ಇಲ್ಲ, ಶರಣವ್ವನಂಥ ಶಿಸ್ತಿನ ಹೆಂಗಸಂತೂ ಹಚ್ಚುವವಳೇ ಅಲ್ಲ. ಸಾಲಿಗೆ ಸಾಲೇ ತುತ್ತು ಬಿಟ್ಟು ನೋಡಿತು.

ಭೀಮಶ್ಯಾನ ಮುಖ ಅರಳಿತು. "ಅವ್ವಾ! ಹಿಂಡಿ ನೀಡಿದೇನು? ಯಾವಾಗ ನೀಡಿದಿ?" ಎಂದು ಬೆರಳು ಹಾಕಿ ನೆಕ್ಕಿದ. ಆಮೇಲೆ ತಲೆ ಬಗ್ಗಿಸಿಕೊಂಡು ಮಗುವಿನಂತೆ ಅಂದ: "ಎರಡು ತಿಂಗಳಾತು ನೀ ನನಗ ಹಿಂಡಿ ನೀಡೂದೇ ಬಿಟ್ಟಿದ್ದಿ. ನಿನಗ ನನ್ನ ಮ್ಯಾಲ ಏನೋ ಸಿಟ್ಟದ ಅನ್ಕೊಂಡು ನಾನೂ ಕೇಳ್ಲಿಲ್ಲ."

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಆ ಹಿಂಡಿ ಅಷ್ಟು ಹೊತ್ತೂ ಅವನ ಮೂಗಿನ ಕೆಳಗೇ ಇತ್ತು. ಎರಡು ತಿಂಗಳೂ ಅಲ್ಲೇ ಇತ್ತು. ನಾವು ಅದನ್ನು ಶಿಸ್ತು ಎಂದು ಕರೆದು ಹಲಗೆಯ ಮೇಲೆ ಬರೆದಿದ್ದೆವು.

"ಇವಗ ಎಡಗಡಿದು ಏನೂ ಕಾಣವಲ್ದು" ಎಂದಳು ಶರಣವ್ವ, ಎಲ್ಲರಿಗೂ ಕೇಳುವಂತೆ. "ಇವ ಗುದ್ದಾಡಂಗಿಲ್ಲ."

ಭೀಮಶ್ಯಾ ಧಡಕ್ಕನೆ ಎದ್ದ. "ಏನು ಹುಚ್ಚುಚ್ಚರ ಮಾತಾಡ್ತಿ ಅವ್ವಾ! ನಂಗ ಎಲ್ಲಾ ಕಾಣ್ತದ!" ಸಾಹೇಬರು, "ಊಟದಾಗ ಎಂಥಾ ಪರೀಕ್ಷಾರಿ ಇದು? ಪಂದ್ಯ ನಡೀತದ" ಎಂದು ಕೈ ತೊಳೆಯಲು ಹೋದರು. ಭೀಮಶ್ಯಾ ಹೊರಗೆ ಹೋಗುವಾಗ ಅವನ ಎಡಭುಜ ಚೌಕಟ್ಟಿಗೆ ಬಡಿಯಿತು. ಈ ಸಲ ಯಾರಿಗೂ ಅದು ಠೀವಿ ಎನಿಸಲಿಲ್ಲ.

ಆಗ ನನಗೆ ಮಹೆಬೂಬನ ನೆನಪಾಯಿತು. ಅವನು ಎದ್ದಿರಲೇ ಇಲ್ಲ, ಆ ತಾಟನ್ನೇ ನೋಡುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರಿತು. ಆಕೆಯನ್ನು ಒಲೆಯ ಹತ್ತಿರ ಎಳೆದು, "ಏನ್ ಮಾಡಿದ್ರಿ ಅವ್ವಾರ! ಹೊಡಿಯಾಂವನ ಎದುರಿಗೇ ತೋರ್ಸಿದ್ರಲ್ಲ! ಆಣಿ ಎಲ್ಲಿ ಹೋತು?" ಎಂದೆ.

"ಆಣಿ ಮುರದೀನಿ, ಪಾಪ ನಂಗಿರಲಿ" ಎಂದಳು. "ನಿನಗೊಬ್ಬನಿಗೆ ಹೇಳಿದ್ರ ನೀ ನಗ್ತಿದ್ದಿ. ಸಾಹೇಬನೂ ಈಗ ನೋಡಿದಿಲ್ಲ, ಕೈ ತೊಳಕೊಂಡ. ಮಹೆಬೂಬ ನೋಡಿದ್ರ ಅವನ ಕೈ ಏಳಂಗಿಲ್ಲ. ಆ ಹುಡುಗನ ತಾಟು ನನಗ ಗೊತ್ತದ. ಪಕ್ಕದಾಂವಗ ನೀಡೂತನಕ ತುತ್ತು ಮುರಿಯಂಗಿಲ್ಲ ಅಂವಾ."

ಆಕೆ ಹೇಳಿದ್ದು ನಿಜವಾಯಿತು. ಪಂದ್ಯಕ್ಕೆ ಒಂದು ತಾಸು ಮೊದಲು ಮಹೆಬೂಬ ನನ್ನ ಬಳಿ ಬಂದು ಕೈಗವಸು ಮೇಜಿನ ಮೇಲಿಟ್ಟ. "ನಾ ಆಡಂಗಿಲ್ರಿ. ಅಣ್ಣನ ಎಡಕ್ಕ ಹೋದ್ರ ಖೂನ್ ಆಗ್ತದ, ಬಲಕ್ಕೇ ಹೋದ್ರ ನಾಟಕ ಆಗ್ತದ. ನಮ್ಮ ಶೆಡ್ಡಿನವ್ರು ಡರ್‌ಪೋಕ್ ಅಂದ್ರ ಅನ್ಲಿ." ನನಗೆ ಜೀವ ಬಂದಂತಾಯಿತು. ಸಾಹೇಬರಿಗೆ ಹೋಗಿ ಹೇಳಿದೆ. ಅವರು ಶಾಂತವಾಗಿ, "ಎದುರಾಳಿ ಬರ್ಲಿಲ್ಲ ಅಂದ್ರ ನಮ್ಮಾಂವ ಗೆದ್ದಂಗ. ಬೆಂಗಳೂರಿಗೆ ಹೆಸರು ಕಳಸ್ರಿ" ಎಂದರು.

ಇದು ಶರಣವ್ವನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಭೀಮಶ್ಯಾನನ್ನು ಉಳಿಸಲು ಮಾಡಿದ್ದೇ ಅವನನ್ನು ಬೆಂಗಳೂರಿಗೆ ಕಳಿಸುತ್ತಿತ್ತು. ಅಲ್ಲಿ ಎದುರಿಗೆ ನಿಲ್ಲುವವರು ಶರಣವ್ವನ ರೊಟ್ಟಿ ತಿಂದವರಲ್ಲ. ಮೈದಾನದಲ್ಲಿ ಆಗಲೇ ಅವನಿಗೆ ಹಾರ ಹಾಕಿದ್ದರು, ಅವನು ನಗುತ್ತಿದ್ದ, ಹೆಂಡತಿ ರಾವೂರಿನಿಂದ ಬಂದು ಬದಿಯಲ್ಲಿ ನಿಂತಿದ್ದಳು.

ಸುದ್ದಿ ಖಾನಾವಳಿಗೆ ಮುಟ್ಟಿತು. ಹಿಟ್ಟಿನ ಕೈಯಲ್ಲೇ ಶರಣವ್ವ ಮೈದಾನಕ್ಕೆ ಬಂದಳು, ಜೀವಮಾನದಲ್ಲಿ ಮೊದಲ ಸಲ. ನೇರ ನನ್ನ ಹಲಗೆಯ ಮುಂದೆ ಬಂದು, "ಭೀಮಶ್ಯಾಂದು ಏನು ಬರದಿ, ಓದು" ಎಂದಳು. ಓದಿದೆ. ಶಿಸ್ತಿನ ಸಾಲಿಗೆ ಬಂದಾಗ ನನ್ನ ದನಿ ಇಳಿಯಿತು. "ಅದನ್ನ ಅಳಿಸು. ಖರೇ ಬರಿ" ಎಂದಳು.

"ಬರದ್ರ ಅವನ ಕೆಲಸ ಹೋಗ್ತದ್ರಿ ಅವ್ವಾರ."

"ಕೆಲಸ ಹೋದ್ರ ನನ್ನ ಮನ್ಯಾಗ ಉಣ್ತಾನ. ತಲೀನೇ ಹೋದ್ರ ಎಲ್ಲಿ ಉಣ್ತಾನ?"

ಅಳಿಸಿದೆ. ಸೀಮೆಸುಣ್ಣ ಎರಡು ಸಲ ಮುರಿಯಿತು. 'ಎಡಗಡೆಯ ನೋಟ ಇಲ್ಲ' ಎಂದು ದೊಡ್ಡಕ್ಷರದಲ್ಲಿ ಬರೆದೆ. ಜನ ಮುತ್ತಿಕೊಂಡರು, ಗುಜುಗುಜು ಹಬ್ಬಿತು. ಯಾರೋ ತನ್ನ ಬಗ್ಗೆ ಏನೋ ಬರೆದಿದ್ದಾರೆಂದು ಕೇಳಿ ಭೀಮಶ್ಯಾ ಕೆಂಡವಾಗಿ ಬಂದ. ಹಿಂದೆಯೇ ಸಾಹೇಬರೂ ಬಂದರು. ಭೀಮಶ್ಯಾ ಹಲಗೆಯ ಎದುರು ನಿಂತ, ಮೇಲಿನಿಂದ ಕೆಳಗಿನವರೆಗೆ ನೋಡಿದ. ಅವನ ಹುಬ್ಬು ಗಂಟಾಯಿತು.

"ಇದೇನ್ರಿ ರೇವಣಪ್ಪ, ಬರೀ ಮಹೆಬೂಬಂದೇ ಬರದೀರಿ? ನಂದೆಲ್ಲಿ ಅದ?"

ಅವನ ಹೆಸರು, ಅವನ ತೂಕ, ಅವನ ಅನುಭವ, ನಾನು ಈಗಷ್ಟೇ ಬರೆದ ಸಾಲು ಎಲ್ಲವೂ ಅವನ ಮೂಗಿನ ಎದುರಿಗಿದ್ದವು. ಭೀಮಶ್ಯಾ ಒಬ್ಬೊಬ್ಬರ ಮುಖ ನೋಡಿದ, ನಮ್ಮ ಮುಖಗಳನ್ನು ಓದಿದ, ಆಮೇಲೆ ಕೊರಳ ಹಾರವನ್ನು ಮೆಲ್ಲಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಶರಣವ್ವ ಅಲ್ಲಿಯೇ ನೆಲದ ಮೇಲೆ ಕುಳಿತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ.

ಸೊಲ್ಲಾಪುರದಲ್ಲಿ ಭೀಮಶ್ಯಾನ ತಲೆಗೆ ಶಸ್ತ್ರಚಿಕಿತ್ಸೆ ಆಯಿತು. ಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಿತ್ತಂತೆ. ಇನ್ನೊಂದು ಗುದ್ದು ಬಿದ್ದಿದ್ದರೆ ಮನುಷ್ಯ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಜೀವ ಉಳಿಯಿತು, ಎಡಗಡೆಯ ನೋಟ ಮರಳಲಿಲ್ಲ. ಸಾಹೇಬರು, ಪಾಪ, ಆ ದಿನದ ನಾಚಿಕೆಯನ್ನು ಮರೆಯಲಿಲ್ಲ. ಓಡಾಡಿ ಅವನಿಗೆ ಸಾಮಾನಿನ ಕೋಠಿಯಲ್ಲಿ ಕೂತು ಮಾಡುವ ಖಾಯಂ ಕೆಲಸ ಕೊಡಿಸಿದರು.

ಭೀಮಶ್ಯಾ ಮಾತ್ರ ನಮ್ಮನ್ನು ಕ್ಷಮಿಸಲು ವರ್ಷ ತೆಗೆದುಕೊಂಡ. ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದ, ಖಾನಾವಳಿಯ ರಸ್ತೆಯನ್ನೇ ಬಿಟ್ಟು ಸುತ್ತುಹಾಕಿ ಹೋಗುತ್ತಿದ್ದ. ಒಂದು ಮಧ್ಯಾಹ್ನ ತಾನಾಗಿ ಬಂದು ಸಾಲಿನಲ್ಲಿ ಕುಳಿತ. ಶರಣವ್ವ ಬಡಿಸಿದಳು. ಅರ್ಧ ಊಟಕ್ಕೆ ಬಂದು ಮಂಡಿಯೂರಿ ಅವನ ತಾಟು ತಿರುಗಿಸಿದಳು. "ಹಾಂ ಅವ್ವಾ, ಸಾಕು" ಎಂದ. ಅಂದಿನಿಂದ ಹನ್ನೊಂದು ವರ್ಷ ಅದೇ ನಡೆಯಿತು. ತಾಟಿಗೆ ಇನ್ನೊಂದು ಬದಿ ಇದೆಯೆಂದು ಈಗ ಅವನಿಗೆ ಗೊತ್ತಿತ್ತು, ತಾನೇ ತಿರುಗಿಸಿಕೊಳ್ಳಬಹುದಿತ್ತು. ತಿರುಗಿಸಿಕೊಳ್ಳಲಿಲ್ಲ. ಆಕೆ ಬರುವವರೆಗೆ ಕೈ ಎತ್ತಿ ಕಾಯುತ್ತಿದ್ದ.

ನಾನು ಅಷ್ಟರಲ್ಲಿ ಮದುವೆಯಾಗಿ ಚಿಂಚೋಳಿಯಲ್ಲಿ ಬೇರೆ ಕೆಲಸ ಹಿಡಿದಿದ್ದೆ. ಶರಣವ್ವ ತೀರಿಕೊಂಡ ಸುದ್ದಿ ಬಂದದ್ದು ಎರಡು ದಿನ ತಡವಾಗಿ. ಹಿಂದಿನ ದಿನದವರೆಗೂ ರೊಟ್ಟಿ ಬಡಿದಿದ್ದಳಂತೆ. ಮಣ್ಣಿಗೆ ಹೋಗಲಾಗಲಿಲ್ಲವೆಂಬ ಸಂಕಟದಲ್ಲಿ ಆಕೆಯ ತಿಥಿಯ ಊಟಕ್ಕೆ ಹೋದೆ. ಅದೇ ಕೋಣೆ, ಅದೇ ಹಾಸುಗಲ್ಲು, ಆಕೆಯ ತಂಗಿಯ ಮಗಳು ಬಡಿಸುತ್ತಿದ್ದಳು. ಭೀಮಶ್ಯಾ ಸಾಲಿನ ಕೊನೆಯಲ್ಲಿ ಕುಳಿತಿದ್ದ, ತಲೆ ಬೆಳ್ಳಗಾಗಿತ್ತು. ನಾನು ಎದುರಿಗೆ ಕುಳಿತೆ. ಊಟ ಶುರುವಾದ ಮೇಲೆ ಡ್ಯೂಟಿ ಮುಗಿಸಿ ಮಹೆಬೂಬ ಬಂದ, ಸದ್ದಿಲ್ಲದೆ ಭೀಮಶ್ಯಾನ ಎಡಕ್ಕಿದ್ದ ಖಾಲಿ ಜಾಗದಲ್ಲಿ ಕುಳಿತು ನನಗೆ ಕಣ್ಣಲ್ಲೇ ಸಲಾಂ ಮಾಡಿದ.

ಭೀಮಶ್ಯಾ ಬಲಗಡೆಯದನ್ನು ಮುಗಿಸಿದ. ಕೈ ಎತ್ತಿ ಕಾದ. ಬಡಿಸುವ ಹುಡುಗಿಗೆ ಗೊತ್ತಿರಲಿಲ್ಲ, ಅವಳು ಮುಂದೆ ಹೋದಳು. ಅವನು ಕಾಯುತ್ತಲೇ ಇದ್ದ. ನಾನು ಏಳಲು ನೆಲಕ್ಕೆ ಕೈ ಊರಿದೆ. ಅಷ್ಟರಲ್ಲಿ ಮಹೆಬೂಬ ತನ್ನ ಎಡಗೈ ಚಾಚಿ, ತಾಟಿನ ಅಂಚು ಹಿಡಿದು, ಸಪ್ಪಳವಾಗದಂತೆ ಅರ್ಧ ಸುತ್ತು ತಿರುಗಿಸಿದ.

ಹಿಂಡಿ ಬಲಕ್ಕೆ ಬಂತು. ಭೀಮಶ್ಯಾ ಅದನ್ನು ನೋಡಿದ, ಮುಖ ಎತ್ತಲಿಲ್ಲ.

"ಹಾಂ ಅವ್ವಾ, ಸಾಕು" ಎಂದ.

ಮಹೆಬೂಬ ಕೈ ಹಿಂದಕ್ಕೆ ತೆಗೆದುಕೊಂಡ. ಭೀಮಶ್ಯಾನ ಎಡಕ್ಕೆ ಕುಳಿತವರು ಯಾರೆಂದು ನಾವಿಬ್ಬರೂ ಹೇಳಲಿಲ್ಲ.